ಹೆಮ್ಮರವನ್ನು ಸವರುವ ಕಾಲ

ಭರಣಿ ಕಳೆದು ಕೃತ್ತಿಕೆ ಕಾಲಿಟ್ಟು, ಮಧ್ಯಾಹ್ನದ ಬೇಗೆಯ ಬೆನ್ನಿಗೇ ಕಾರ್ಮೋಡವೆದ್ದು, ಮೊದಲ ಬಿರುಗಾಳಿಗೆ ಹಿತ್ತಿಲ ಮಾವಿನ ಕೊಂಬೆಯೊಂದು ಮಾಡಿನ ಹೆಂಚಿಗೆ ಬಡಿದಾಗಲೇ ನಮ್ಮ ಗೃಹಸ್ಥರಲ್ಲಿ ಬಹುಮಂದಿಗೆ ತಮ್ಮ ಮನೆಯ ಹಿಂದೆ ಮರವೊಂದು ಇದೆಯೆಂಬುದರ ಸ್ಮರಣೆಯಾಗುವುದು. ಮರುದಿನವೇ ಆಳನ್ನು ಕರೆಸಿ, ತುಂಬುಕಾಯಿ ಹೊತ್ತ ಮರದ ತಲೆಯನ್ನು ಬೋಳಿಸಿ, ಇನ್ನು ನಿಶ್ಚಿಂತೆಯೆಂದು ನಿಟ್ಟುಸಿರು ಬಿಡುವವರನ್ನು ವೈಶಾಖ ವೈಶಾಖಕ್ಕೂ ಕಾಣುತ್ತೇವೆ. ನಿಶ್ಚಿಂತೆ ಒಂದೆರಡು ವರ್ಷದ್ದು ಮಾತ್ರ. ಹಾಗೆ ತಲೆ ಹಾರಿಸಿದ ಮರವು ಕಡಿದೆಡೆಯ ಸುತ್ತಲೂ ನೀಳವಾದ ಚಿಗುರುಗಳನ್ನು ಒತ್ತಾಗಿ ತಳೆಯುತ್ತದೆ. ಮೂಲಕಾಂಡದೊಡನೆ ಆಳವಾದ ಬೆಸುಗೆಯಿಲ್ಲದ ಈ ಹೊಸ ರೆಂಬೆಗಳು ಬಲಿತು ಭಾರವಾದ ಮೇಲೆ, ಹಳೆಯ ಕೊಂಬೆ ತಡೆದುಕೊಳ್ಳುತ್ತಿದ್ದ ಗಾಳಿಗೇ ಕಿತ್ತು ಬೀಳುತ್ತವೆ.

ಮರವು ತನ್ನ ಗಾಯವನ್ನು ಪ್ರಾಣಿಗಳಂತೆ ವಾಸಿಮಾಡಿಕೊಳ್ಳುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ ಅಸಂಖ್ಯ ಕಾಂಡಗಳನ್ನು ಉದ್ದುದ್ದಕ್ಕೆ ಸೀಳಿ ಪರೀಕ್ಷಿಸಿ, 1970ರ ದಶಕದಲ್ಲಿ ವಿಶದಪಡಿಸಿದ ಸಂಗತಿಯಿದು: ಕೊಳೆತ ಭಾಗವನ್ನು ಮರ ದುರಸ್ತಿಮಾಡಲಾರದು, ಅದರ ಸುತ್ತ ಗೋಡೆಯೆಬ್ಬಿಸಿ, ಕೊಳೆತವು ಮುಂದೆ ಹಬ್ಬದಂತೆ ಪ್ರತಿಬಂಧಿಸಿ, ಹೊರಗಡೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಈ ರಕ್ಷಣೆಯ ನೆಲೆಯಿರುವುದು ಕೊಂಬೆಯ ಬುಡದಲ್ಲಿ ಉಬ್ಬಿ ನಿಂತ ಉಂಗುರದಲ್ಲಿ. ಅದನ್ನು ಸೇರಿಸಿ ಕಾಂಡಕ್ಕೆ ಸಮನಾಗಿ ಕೊಯ್ದರೆ ರಕ್ಷಣೆಯೇ ಹೋಯಿತು. ಮೊಳದುದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆತಕ್ಕೆ ಹಾದಿಯಾಯಿತು. ಉಂಗುರದ ಹೊರ ಅಂಚಿನಲ್ಲಿ ಕೊಯ್ಯುವುದೇ ಸರಿ; ಅದಕ್ಕೂ ಮುನ್ನ, ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಕಚ್ಚು ಹಾಕಿ, ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು, ಕೊಂಬೆಯ ಭಾರವನ್ನು ಇಳಿಸಿಕೊಳ್ಳಬೇಕು. ಇಲ್ಲವಾದರೆ ಬೀಳುವ ಕೊಂಬೆ ತನ್ನೊಡನೆ ಕಾಂಡದ ತೊಗಟೆಯನ್ನೂ ಸುಲಿದೊಯ್ಯುತ್ತದೆ. ಕೊಯ್ದ ಗಾಯಕ್ಕೆ ಟಾರು ಬಳಿಯುವ ರೂಢಿಯಿಂದ ಕೊಳೆತ ನಿಲ್ಲುವುದಿಲ್ಲ. ಶಿಲೀಂಧ್ರದ ಕಾಟವುಳ್ಳ ಮಾವಿಗೆ ಬೋರ್ಡೋ ಮುಲಾಮನ್ನು ಹಚ್ಚುವುದು ಮಾತ್ರ ತೋಟಗಾರರಲ್ಲಿ ಪ್ರಚಲಿತವಾಗಿದೆ.

ಹಾಗಾದರೆ ಕಾಲ ಯಾವುದು? ಅದನ್ನು ಪಂಚಾಂಗಕ್ಕಿಂತ ಮರವೇ ಚೆನ್ನಾಗಿ ಹೇಳುತ್ತದೆ. ಹೊಂಗೆ, ಬೇವು, ಮಡಗಾಸ್ಕರದಿಂದ ಬಂದು ನಮ್ಮದೇ ಆಗಿಬಿಟ್ಟ ಗುಲ್‌ಮೊಹರ್ ಮೊದಲಾದ ಎಲೆಯುದುರಿಸುವ ಮರಗಳಿಗೆ ಮಾಘದ ಆಸುಪಾಸು, ಎಲೆ ಕಳಚಿ ಚಿಗುರಿನ್ನೂ ಒಡೆಯದಿರುವ ಅವಧಿಯು ಪ್ರಶಸ್ತ. ಆಗ ಸಂಚಿತ ಆಹಾರವೆಲ್ಲ ಬೇರು ಕಾಂಡಗಳಲ್ಲಿ ಅಡಗಿರುತ್ತದೆ. ಎಲೆಗಳ ಮರೆಯಿಲ್ಲದುದರಿಂದ ಯಾವ ಕೊಂಬೆ ಒಣಗಿದೆ, ಯಾವುದು ಸೀಳಿದೆ, ಯಾವುದು ಇನ್ನೊಂದನ್ನು ಉಜ್ಜುತ್ತಿದೆಯೆಂಬುದು ನೆಲದಲ್ಲಿ ನಿಂತವನಿಗೂ ತೋರುತ್ತದೆ. ತೊಗಟೆ ಒಣಗಿರುವುದರಿಂದ ಹತ್ತುವವನ ಕಾಲೂ ಜಾರದು. ಎಳೆಚಿಗುರು ತುಂಬಿದ ಮೇಲೆ ಕಡಿಯುವುದೆಂದರೆ ಮರವು ಕೂಡಿಟ್ಟುದನ್ನೆಲ್ಲ ವ್ಯಯಿಸಿದ ಗಳಿಗೆಯಲ್ಲಿ ಅದರ ಮನೆಗೆ ಕನ್ನ ಹಾಕಿದಂತೆ.

ಮಾವಿನ ಲೆಕ್ಕ ಬೇರೆ. ಅದರ ಹೂಗೊಂಚಲು ಮೂಡುವುದು ಬಲಿತ ರೆಂಬೆಯ ತುದಿಯಲ್ಲಿ. ಆದುದರಿಂದ ಕೊಯ್ಲು ಮುಗಿದ ಕೂಡಲೇ ಮಳೆಯ ಬಿಡುವು ನೋಡಿ ಸವರಿದರೆ, ಹೊಸ ಚಿಗುರು ಸಂಕ್ರಾಂತಿಯ ವೇಳೆಗೆ ಬಲಿತು ಹೂವಿಗೆ ಸಿದ್ಧವಾಗುತ್ತದೆ. ನವರಾತ್ರಿ ಕಳೆದ ಮೇಲೆ ಕತ್ತರಿಸಿದವನು ಆ ವರ್ಷದ ಫಲದ ಆಸೆಯನ್ನು ಬಹುಮಟ್ಟಿಗೆ ಬಿಡಬೇಕು. ಹಲಸು ಕಾಂಡದಲ್ಲೂ ಹಳೆಯ ಕೊಂಬೆಗಳಲ್ಲೂ ಕಾಯುವುದರಿಂದ, ಹಣ್ಣು ಮುಗಿದ ಮೇಲೆ ಹೊರಗಿನ ಸಣ್ಣ ರೆಂಬೆಗಳನ್ನು ವಿರಳಗೊಳಿಸಿದರೆ ಫಲಕ್ಕೆ ಅಷ್ಟು ಹಾನಿಯಿಲ್ಲ. ಯಾವ ಮರವೇ ಆಗಲಿ, ಒಂದೇ ವರ್ಷದಲ್ಲಿ ಹಸುರಿನ ಕಾಲುಭಾಗಕ್ಕಿಂತ ಹೆಚ್ಚನ್ನು ತೆಗೆಯಲಾಗದು. ನೆರಳಿನಲ್ಲಿದ್ದ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದರೆ ಬೆಂದು ಬಿರಿಯುತ್ತದೆ. ಒಣಗಿದ ಕೊಂಬೆಗೆ ಮಾತ್ರ ಯಾವ ಕಾಲದ ನಿರ್ಬಂಧವೂ ಇಲ್ಲ.

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಗಾಲದ ಬಾಗಿಲಲ್ಲೇ ಮರಗಸಿ, ಎಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತದಲ್ಲವೆ ಎಂದು ಕೇಳುವವರುಂಟು. ಅದು ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ಮಾಡುವುದು. ಅಲ್ಲಿ ನೆರಳಿಗಿರುವ, ಗೂಟವಾಗಿ ನೆಟ್ಟರೂ ಚಿಗುರುವ ಹಾಲುವಾಣದ ಸಹನೆಯನ್ನು ಹಿತ್ತಿಲ ಹಲಸಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅಮಾವಾಸ್ಯೆಯಲ್ಲೇ ಕಡಿಯಬೇಕೆಂಬ ನಂಬಿಕೆಯೂ, ಹುಳು ಹಿಡಿಯಬಾರದೆಂದು ಬಿದಿರು ಮೋಪುಗಳನ್ನು ಕುರಿತು ಹುಟ್ಟಿದ್ದೇ ಹೊರತು ಬದುಕಬೇಕಾದ ಮರವನ್ನು ಕುರಿತದ್ದಲ್ಲ.

ಆ ತೋಟಗಳಿಂದಲೇ ಕಲಿಯತಕ್ಕ ಇನ್ನೊಂದು ಪಾಠವುಂಟು, ಅದು ದಾರುಣವಾದುದು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಪ್ರಾಣ ನೀಗಿದ ಕೂಲಿಕಾರರ ವಾರ್ತೆ ಕೊಡಗಿನ ಕಡೆಯಿಂದ ಮತ್ತೆ ಮತ್ತೆ ಬರುತ್ತಿರುತ್ತದೆ. ಹಸಿಕೊಂಬೆಯೂ ವಿದ್ಯುತ್ತನ್ನು ಹಾಯಿಸಬಲ್ಲುದು. ತಂತಿಯ ಸಮೀಪದ ಕೊಂಬೆಯನ್ನು ವಿದ್ಯುತ್ ಕಂಪನಿಯವರಿಗೆ ತಿಳಿಸಿ, ಸರಬರಾಜು ನಿಂತಮೇಲೆ, ಅನುಭವಿಗಳಿಂದಲೇ ತೆಗೆಸತಕ್ಕದ್ದು. ಹತ್ತುವ ಮುನ್ನ ಮೇಲೆ ಹೆಜ್ಜೇನಿದೆಯೇ, ಹಕ್ಕಿಯ ಗೂಡಿನಲ್ಲಿ ಮರಿಗಳಿವೆಯೇ ಎಂದು ನೋಡಬೇಕು. ಮಾವಿನ ಮರದ ಚಗಳಿ ಇರುವೆಯ ಚಟ್ನಿ ಸವಿದವರು ಮಲೆನಾಡಿನಲ್ಲಿ ಉಂಟಾದರೂ, ಎತ್ತರದ ಕವಲಿನಲ್ಲಿ ಅದು ಕಚ್ಚತೊಡಗಿದಾಗ ಎರಡು ಕೈಗಳನ್ನೂ ಬಿಟ್ಟು ಕೊಡವಿಕೊಳ್ಳುವಂತಿಲ್ಲ.

ಇದಲ್ಲದೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಮರ ಕಡಿಯಲು, ವಿನಾಯಿತಿ ಪಡೆದ ಜಾತಿಗಳ ಹೊರತು, ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆಗೆ ಗರಗಸ ಹಾಕುವ ಮುನ್ನವೂ ಆ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕಚೇರಿಯ ಕಾಗದಗಳ ಗತಿಯನ್ನು ಬಲ್ಲವರು ಮಾಘದಲ್ಲಿ ಸವರಬೇಕಾದ ಹೊಂಗೆಗೆ ಕಾರ್ತಿಕದಲ್ಲೇ ಅರ್ಜಿ ಬರೆದಿರುತ್ತಾರೆ.