ತೊಟ್ಟಿಮನೆ ಕೀಳುವ ಮುನ್ನ

ನಮ್ಮ ಸೀಮೆಯಲ್ಲಿ ತೊಟ್ಟಿಮನೆ ಕಿತ್ತು ತಾರಸಿ ಕಟ್ಟುವವರು ಹೆಚ್ಚುತ್ತಿದ್ದಾರೆ. ಅದು ಅವರವರ ಅನುಕೂಲ. ಆದರೂ ಕೀಳುವ ಮುನ್ನ ಸದಸ್ಯ ಬಾಂಧವರು ಒಂದೆರಡು ಸಂಗತಿ ಗಮನಿಸುವುದು ಒಳ್ಳೆಯದು.

ಶೃಂಗೇರಿ ಕಡೆಯ ಹಳೆಯ ತೊಟ್ಟಿಮನೆಯೊಂದರಲ್ಲಿ ಆಷಾಢದ ಮಳೆಗೆ ಸಿಕ್ಕಿ ನಾಲ್ಕು ದಿನ ತಂಗಿದ್ದೆ. ಒಂದೇ ಸಮನೆ ಸುರಿದರೂ ಜಗಲಿಯ ಮಣ್ಣಿನ ಗೋಡೆಗೆ ಎರಚಲು ತಾಗಲಿಲ್ಲ. ಮಾಡು ಕಡಿದಾಗಿತ್ತು; ಸೂರು ಗೋಡೆಯಿಂದ ಎರಡು ಮೊಳ ಮುಂದಕ್ಕಿತ್ತು. ತೊಟ್ಟಿಗೆ ಬಿದ್ದ ನೀರು ಕಲ್ಲಿನ ಚರಂಡಿಯಲ್ಲಿ ಹೊರಗೆ ಹರಿಯುತ್ತಿತ್ತು. ಒಲೆಯ ಹೊಗೆ ಏರುವ ಅಟ್ಟದಲ್ಲಿ ಪಕಾಸುಗಳು ಹುಳು ಹಿಡಿಯದೆ ಗಟ್ಟಿಯಾಗಿದ್ದವು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲೂ ಇದೇ ಜಾಣ್ಮೆ ಕಾಣುತ್ತದೆ. 1430ರ ಆ ಬಸದಿಯ ಕೆಳಮಾಡಿಗೆ ಇಳಿಜಾರಾದ ಕಲ್ಲುಚಪ್ಪಡಿ, ಮೇಲಿನ ಮರದ ಮಾಡಿಗೆ ತಾಮ್ರದ ತಗಡು. ಕರಾವಳಿಯ ಸುಮಾರು ಆರುನೂರು ಮಳೆಗಾಲ ಅದರ ಮೇಲೆ ಹರಿದುಹೋಗಿದೆ.

ಹಳೆಯ ಮನೆಗೆ ಮುಖ್ಯ ಶತ್ರುಗಳು ಎರಡು: ಸೋರುವ ನೀರು ಮತ್ತು ಗೆದ್ದಲು. ಒಂದು ಹಂಚು ಒಡೆದರೆ ಮೊದಲು ರೀಪು ಲಡ್ಡಾಗುತ್ತದೆ, ಆಮೇಲೆ ಪಕಾಸು, ಕೊನೆಗೆ ಗೋಡೆ. ವೈಶಾಖದಲ್ಲೇ ಹಂಚು ಕೈಯಾಡಿಸಿ, ಚರಂಡಿ ಬಿಡಿಸಿ, ಕಂಬದ ಬುಡ ತಟ್ಟಿ ನೋಡಿ. ಕೊಳೆ ಬರುವ ಮುಂಚೆಯೇ ಬೋರ್ಡೋ ಹೊಡೆಯುವ ನಮಗೆ ಈ ರೀತಿ ಹೊಸದೇನಲ್ಲ. ಇಷ್ಟಾದರೂ ಮನೆ ನಿಲ್ಲದೆಂದು ಕಂಡರೆ ಆಗ ಕೀಳುವ ಮಾತಾಡೋಣ.