ಮೇಲುಡುಗೆಯ ಕಟ್ಟಳೆಗಳು

ಅಮೆರಿಕಾ ದೇಶದ ಕೊಲೊರಾಡೊ ಪ್ರಾಂತದಲ್ಲಿ ಫೋರ್ಟ್ ಕಾಲಿನ್ಸ್ ಎಂಬುದೊಂದು ಪಟ್ಟಣ. ಯಾವ ಸ್ತ್ರೀಯೂ ಸಾರ್ವಜನಿಕ ಸ್ಥಳದಲ್ಲಿ ಎದೆಯನ್ನು ತೆರೆದು ಕಾಣಿಸಿಕೊಳ್ಳಕೂಡದೆಂದು ಅಲ್ಲಿಯ ಪುರಸಭೆಯವರು 2015ರಲ್ಲಿ ನಿಬಂಧನೆಯನ್ನು ಗೊತ್ತುಮಾಡಿದರು. ಕೂಸಿಗೆ ಹಾಲೂಡುವ ತಾಯಂದಿರಿಗೆ ಮಾತ್ರ ವಿನಾಯಿತಿ. ಪುರುಷರಿಗೆ ಈ ನಿರ್ಬಂಧವೇ ಇರಲಿಲ್ಲ. ಇದು ಸಮಾನತೆಗೆ ವಿರುದ್ಧವೆಂದು ಕೆಲವು ಸ್ತ್ರೀಯರು ನ್ಯಾಯಾಲಯದ ಮೆಟ್ಟಿಲೇರಿದರು. 2017ರಲ್ಲಿ ನ್ಯಾಯಾಧಿಪತಿಗಳು ನಿಬಂಧನೆಯನ್ನು ತಡೆಹಿಡಿದರು. 2019ರಲ್ಲಿ ಮೇಲಿನ ನ್ಯಾಯಾಲಯವೂ ಎರಡಕ್ಕೆ ಒಂದು ಮತದಿಂದ ಆ ತಡೆಯನ್ನೇ ಎತ್ತಿಹಿಡಿಯಿತು. ಪುರಸಭೆಯವರು ವಾದವನ್ನು ಮುಂದುವರಿಸದೆ ಆ ನಿಷೇಧವನ್ನು ಕೈಬಿಟ್ಟರು.

ಆದರೆ ಅದೇ ದೇಶದ ಷಿಕಾಗೋ ನಗರದ ಇಂತಹುದೇ ನಿಬಂಧನೆಯಲ್ಲಿ ದೋಷವಿಲ್ಲವೆಂದು 2017ರಲ್ಲಿ ಬೇರೊಂದು ನ್ಯಾಯಾಲಯವು ತೀರ್ಮಾನಿಸಿತ್ತು. ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಸ್ತ್ರೀಯರು ಅಲ್ಲಿಯ ಉಚ್ಚ ನ್ಯಾಯಪೀಠದಲ್ಲಿ ಸೋತು ದೇಶದ ಪರಮೋಚ್ಚ ನ್ಯಾಯಾಲಯಕ್ಕೆ ಹೋದರೆ, 2020ರ ಜನವರಿಯಲ್ಲಿ ಅದು ಅವರ ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಹೀಗೆ ಒಂದು ಊರಿನಲ್ಲಿ ತಪ್ಪಾದುದು ಮತ್ತೊಂದು ಊರಿನಲ್ಲಿ ತಪ್ಪಲ್ಲ. ಅಲ್ಲಿಯ ಗಂಡಸರ ಬರಿಯೆದೆಯೂ ಸನಾತನವಾದ ಹಕ್ಕೇನಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1930ರ ದಶಕದಲ್ಲಿ ಕಡಲತೀರದಲ್ಲಿ ಅಂಗಿಯಿಲ್ಲದೆ ನಿಂತ ಗಂಡಸರನ್ನೂ ಹಿಡಿದು ದಂಡ ಹಾಕಿದ್ದುಂಟು.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಇದೆಂತಹ ಪ್ರಸ್ತಾಪವೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನಾವೂ ಈ ವರ್ತಮಾನವನ್ನು ಓದುತ್ತಿದ್ದಾಗ ಸೊಸೆಯು ಕಾಫಿ ತಂದುದನ್ನು ಕಂಡು ಹಾಳೆಯನ್ನು ಮಗುಚಿಟ್ಟವರೇ. ಅನಂತರ ಯೋಚಿಸಲಾಗಿ, ಆ ದಿನ ಬೆಳಗ್ಗೆ ಬೀದಿಯ ಜಗುಲಿಯ ಮೇಲೆ ನಾವು ಕುಳಿತಿದ್ದುದು ಬರಿಯ ಪಂಚೆಯಲ್ಲಿ ಎಂಬುದು ಜ್ಞಾಪಕಕ್ಕೆ ಬಂದಿತು. ಧರ್ಮಸ್ಥಳಕ್ಕೆ ಹೋದರೆ ಪುರುಷರು ಅಂಗಿಯನ್ನು ಕಳಚಿಯೇ ದರ್ಶನಕ್ಕೆ ನಿಲ್ಲಬೇಕು. ನಮಗೆ ಭಕ್ತಿಯಾದುದು ಅವರಿಗೆ ಅಪರಾಧವಾಗುವುದಾದರೆ ಕಾರಣವನ್ನು ಕೇಳುವುದರಲ್ಲಿ ಅಸಭ್ಯವೇನೂ ಇಲ್ಲ.

ಸ್ತ್ರೀಯು ಎದೆಯನ್ನು ಮುಚ್ಚಿಕೊಳ್ಳಬೇಕೆಂಬುದು ನಮ್ಮ ನಾಡಿನ ಅನಾದಿ ಧರ್ಮವೆಂದು ಹೇಳುವವರು ತಿರುವಾಂಕೂರಿನ ಚರಿತ್ರೆಯನ್ನು ಓದಬೇಕು. ಆ ಸಂಸ್ಥಾನದಲ್ಲಿ ಮುಚ್ಚುವುದೇ ತಪ್ಪಾಗಿದ್ದಿತು. ಮೇಲಿನವರ ಎದುರಿಗೆ ಎದೆಯನ್ನು ತೆರೆದಿಡುವುದೇ ಕೆಳಗಿನವರು ತೋರಬೇಕಾದ ಮರ್ಯಾದೆ. ಇದು ಗಂಡಸರಿಗೂ ಹೆಂಗಸರಿಗೂ ವಿಧಿಸಿದ್ದ ಕಟ್ಟಳೆ. ಚಾನ್ನಾರರೆಂದು ಕರೆಯಿಸಿಕೊಳ್ಳುತ್ತಿದ್ದ ನಾಡಾರ್ ಜನರಲ್ಲಿ ಅನೇಕರು ಕ್ರೈಸ್ತರಾದರು. ಅವರ ಹೆಂಗಸರು ಮೈಮುಚ್ಚಿ ಪೇಟೆಗೆ ಬರತೊಡಗಿದರು. ಅವರು ಕುಪ್ಪಾಯವೆಂಬ ಅಂಗಿಯನ್ನು ತೊಡಬಹುದು, ನಾಯರ್ ಸ್ತ್ರೀಯರಂತೆ ಮೇಲುವಸ್ತ್ರವನ್ನು ಹೊದೆಯಕೂಡದೆಂದು 1829ರಲ್ಲಿ ರಾಜಾಜ್ಞೆಯಾಯಿತು. ಆದರೂ ಹೆಂಗಸರು ಹೊದೆಯುವುದನ್ನು ಬಿಡಲಿಲ್ಲ. 1858ರ ಕೊನೆಯಿಂದ ಮುಂದಿನ ವರ್ಷದ ಮೊದಲವರೆಗೆ ನಡೆದ ಗಲಭೆಯಲ್ಲಿ ಸಂತೆಗೆ ಬಂದವರ ಮೈಮೇಲಿನ ಬಟ್ಟೆಯನ್ನು ಹರಿದರು. ಪಾಠಶಾಲೆಗಳಿಗೂ ಪ್ರಾರ್ಥನಾಮಂದಿರಗಳಿಗೂ ಬೆಂಕಿಯಿಟ್ಟರು. ಕಡೆಗೆ ಮದರಾಸಿನ ಗವರ್ನರಾದ ಸರ್ ಚಾರ್ಲ್ಸ್ ಟ್ರೆವೆಲ್ಯನರ ಒತ್ತಾಯದಿಂದ 1859ರ ಜುಲೈ 26ರಂದು ಮಹಾರಾಜರು ಅಪ್ಪಣೆಯನ್ನಿತ್ತರು: ನಾಡಾರ್ ಹೆಂಗಸರು ಯಾವ ರೀತಿಯಲ್ಲಿ ಬೇಕಾದರೂ ಎದೆಯನ್ನು ಮುಚ್ಚಿಕೊಳ್ಳಬಹುದು, ಆದರೆ ಮೇಲುಜಾತಿಯವರಂತೆ ಮುಚ್ಚಿಕೊಳ್ಳಕೂಡದು.

ಆ 'ಆದರೆ' ಎಂಬುದನ್ನು ನೋಡಿರಿ. ಮಾನರಕ್ಷಣೆಯೇ ಉದ್ದೇಶವಾಗಿದ್ದರೆ ಅದು ಅಲ್ಲಿ ಏತಕ್ಕೆ ಬರುತ್ತಿತ್ತು? ಒಂಬತ್ತನೆಯ ತರಗತಿಯ ಕೇಂದ್ರದ ಪಠ್ಯಪುಸ್ತಕದಲ್ಲಿ ಈ ವೃತ್ತಾಂತವಿದ್ದಿತು. 2019ರಲ್ಲಿ ಆ ಅಧ್ಯಾಯವನ್ನೇ ತೆಗೆದುಹಾಕಿದರು. ಮಕ್ಕಳ ಹೊರೆಯನ್ನು ಇಳಿಸಲೆಂದು ಹೇಳಿದರು. ಇಳಿಸಲು ಬೇರೆ ಹೊರೆಗಳು ಬೇಕಾದಷ್ಟಿದ್ದವು.

ದೂರದ ಮಾತೇಕೆ? ನಮ್ಮ ತಂದೆಯ ತಾಯಿಯವರು ಹತ್ತೊಂಬತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ, ಕೆಂಪು ಸೀರೆಯನ್ನುಡಿಸಿ, ರವಿಕೆಯನ್ನು ಬಿಡಿಸಿದ್ದರು. ಪುರಸಭೆಯ ನಿಬಂಧನೆಯಾಗಲಿ ರಾಜಾಜ್ಞೆಯಾಗಲಿ ಅದಕ್ಕೆ ಬೇಕಾಗಿರಲಿಲ್ಲ. ಒಂದು ಮಾಗಿಯಲ್ಲಿ ಅವರಿಗೆ ಕೆಮ್ಮು ಬಲವಾಗಲು ನಮ್ಮ ತಾಯಿಯವರು ಫ್ಲಾನಲ್ ಬಟ್ಟೆಯಲ್ಲಿ ಉದ್ದ ತೋಳಿನ ರವಿಕೆಯೊಂದನ್ನು ಹೊಲಿದು ತಂದರು. ಅಜ್ಜಿಯವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಡವಿ ನೋಡಿದರು. ಬಳಿಕ, "ಏನೋ ಮಗು, ನೀನು ಪಾಠಶಾಲೆಯಲ್ಲಿ ಓದಿದವನು. ಇದನ್ನು ತೊಟ್ಟರೆ ದೋಷವೇನೋ?" ಎಂದು ನಮ್ಮನ್ನು ಕೇಳಿದರು. ಆಗ ನಮಗೆ ಹದಿನೇಳು ವರ್ಷ. ಹೊಸದಾಗಿ ಸಂಸ್ಕೃತ ಕಲಿತ ಅಹಂಕಾರ. ವಿಧವೆಯರ ನಿಯಮವೆಂದು ಅರೆಬರೆ ಓದಿದ್ದುದನ್ನು ಹೇಳಿ, "ಶಾಸ್ತ್ರದಲ್ಲಿ ಇಲ್ಲ ಅಜ್ಜಿ" ಎಂದುಬಿಟ್ಟೆವು. ಅವರು ಮತ್ತೆ ಕೇಳಲಿಲ್ಲ. ರವಿಕೆಯನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟು, ಒಲೆಯ ಹತ್ತಿರಕ್ಕೆ ಸರಿದು ಕುಳಿತರು.