ಬರಹಗಾರರ ವೆಬ್‌ಸೈಟ್‌ನಲ್ಲಿ ಏನಿರಬೇಕು? ಸಾವಿರ ವರ್ಷದ ಹಿಂದೆಯೇ ತೋರಿಸಿಕೊಟ್ಟ ಪಂಪ

ಮೊರಬ (ನವಲಗುಂದ ತಾ.): ನಮ್ಮ ಕಡೆ ಹಳ್ಳಿಗಳಲ್ಲಿ ಕವನ, ಕಥೆ, ನಾಟಕ, ತತ್ವಪದ ಬರೆಯೋರಿಗೆ ಬರ ಇಲ್ಲ. ಸಾಲ ಮಾಡಿಯಾದರೂ ಒಂದು ಪುಸ್ತಕ ಅಚ್ಚು ಹಾಕಿಸುತ್ತಾರೆ. ಬಿಡುಗಡೆ ದಿನ ಹಾರ, ಶಾಲು, ಫೋಟೊ ಎಲ್ಲ ಆಗುತ್ತೆ. ಉಳಿದ ಪ್ರತಿಗಳು ಟ್ರಂಕ್ ಸೇರುತ್ತವೆ. ಎರಡು ವರ್ಷ ಬಿಟ್ಟು ಯಾರಾದರೂ ಗೂಗಲ್‌ನಲ್ಲಿ ಹೆಸರು ಹಾಕಿದರೆ ಸಿಗೋದು ಅದೇ ಹೆಸರಿನ ಬೇರೆ ಯಾರೋ!

ಬ್ಲಾಗರ್, ವರ್ಡ್‌ಪ್ರೆಸ್‌ನಲ್ಲಿ ಪುಕ್ಕಟೆಯಾಗಿಯೇ ಸ್ವಂತ ವೆಬ್‌ಸೈಟ್ ಮಾಡಿಕೊಳ್ಳಬಹುದು. ಆದರೆ ಅದರಲ್ಲಿ ಏನು ಹಾಕಬೇಕು?

ಇದಕ್ಕೆ ಪಕ್ಕದ ಅಣ್ಣಿಗೇರಿಯ ನಂಟಿರುವ ಆದಿಕವಿ ಪಂಪನನ್ನೇ ನೋಡಬಹುದು. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ಕಥೆ ಮುಗಿಸಿ ಸುಮ್ಮನಾಗಲಿಲ್ಲ. ಕೊನೆಯ 14ನೇ ಆಶ್ವಾಸದಲ್ಲಿ ತನ್ನ ವಂಶ ಯಾವುದು, ತಂದೆ ಯಾರು, ಅರಿಕೇಸರಿ ರಾಜ ಏನು ಕೊಟ್ಟ ಎಂಬುದನ್ನೂ ಹೇಳಿದ. ಧರ್ಮಪುರ ಅಗ್ರಹಾರ ಸಿಕ್ಕ ವಿಷಯವೂ ಅಲ್ಲಿದೆ. ಇವತ್ತಿನ ಲೆಕ್ಕದಲ್ಲಿ ಅದು 'ಲೇಖಕರ ಪರಿಚಯ' ಪುಟ.

ತಮ್ಮ ಜಿನವಲ್ಲಭ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಗುಡ್ಡದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಯಲ್ಲಿ ಶಾಸನ ಕೆತ್ತಿಸಿದ. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ಆ ಬಂಡೆಯ ಮೇಲಿದೆ. ಪಂಪ ನಮ್ಮ ಅಣ್ಣಿಗೇರಿಯವ ಅಂತ ಎದೆ ತಟ್ಟಿ ಹೇಳೋದಕ್ಕೆ ಇರುವ ಕಲ್ಲಿನ ಆಧಾರ ಅದೇ.

ಹಾಗಾಗಿ ಮೊದಲು ಬೇಕಿರೋದು ಊರು. ಬರೀ 'ಮೊರಬ' ಸಾಲದು. ತಾಲೂಕು, ಜಿಲ್ಲೆ ಎರಡೂ ಇರಲಿ. ಕಾವ್ಯನಾಮ ಇದ್ದರೆ ನಿಜ ಹೆಸರೂ ಜೊತೆಗಿರಬೇಕು. ಅಂಬಿಕಾತನಯದತ್ತ ಅಂದರೆ ಬೇಂದ್ರೆ ಅಂತ ಎಲ್ಲರಿಗೂ ಗೊತ್ತು, ಹೊಸಬರ ಕಾವ್ಯನಾಮ ಯಾರಿಗೆ ಗೊತ್ತಿರುತ್ತೆ? ಸನ್ಮಾನದ ಫೋಟೊ ಐವತ್ತು ಹಾಕುವ ಬದಲು ಮುಖ ಸರಿಯಾಗಿ ಕಾಣುವ ಒಂದು ಫೋಟೊ ಸಾಕು. ಕಾರ್ಯಕ್ರಮದ ಬ್ಯಾನರ್ ಮಾಡಿಸೋರು ಹುಡುಕೋದು ಅದನ್ನೇ.

ಆಮೇಲೆ ಪುಸ್ತಕದ ಪಟ್ಟಿ. ವರ್ಷ, ಪುಟ, ಬೆಲೆ, ಪ್ರಕಾಶಕರು, ಐಎಸ್‌ಬಿಎನ್ ಬೇಕು. (ಐಎಸ್‌ಬಿಎನ್ ಕೊಡೋಕೆ ಸರಕಾರ ದುಡ್ಡು ತಗೊಳ್ಳೋದಿಲ್ಲ. ಯಾರಾದರೂ ಕೇಳಿದರೆ ಅದು ಮಧ್ಯದವರ ಚಾರ್ಜು.) ಪುಸ್ತಕ ಎಲ್ಲಿ ಸಿಗುತ್ತೆ ಅನ್ನೋದನ್ನು ಬಹಳ ಜನ ಮರೆಯುತ್ತಾರೆ. ಊರಿನ ಸ್ಟೇಷನರಿ ಅಂಗಡಿಯಲ್ಲಿ ಹತ್ತು ಪ್ರತಿ ಇಟ್ಟು, ಅಂಗಡಿಯವರನ್ನು ಕೇಳಿ ಅವರ ಹೆಸರು ಹಾಕಿದರೆ ಇಬ್ಬರಿಗೂ ಲಾಭ.

ಒಂದೆರಡು ಪೂರ್ತಿ ಕವನ ಅಥವಾ ಒಂದು ಕಥೆ ಓದೋಕೆ ಸಿಗಬೇಕು. ಇಲ್ಲೇ ದೊಡ್ಡ ತೊಡಕು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಸ್ಟ್ ಮಾಡಿದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಕವನವನ್ನು ಫೋಟೊ ಮಾಡಿ ಹಾಕಿದರೂ ಗೂಗಲ್‌ನಲ್ಲಿ ಸಿಗೋದು ಕಷ್ಟ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ ಒಮ್ಮೆ ನೋಡಿಕೊಳ್ಳಿ.

ಬೇರೆಯವರ ಕವನ ಮಾತ್ರ ಹಾಕಬೇಡಿ. ಲೇಖಕರು ತೀರಿದ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಬೇಂದ್ರೆಯವರು ತೀರಿದ್ದು 1981ರಲ್ಲಿ, ಅಂದರೆ ಅವರ ಕವನಗಳಿಗೆ 2041ರ ಕೊನೆವರೆಗೂ ಹಕ್ಕುದಾರರಿದ್ದಾರೆ.

ಸಂಪರ್ಕಕ್ಕೆ ಇಮೇಲ್ ಸಾಕು. ಮನೆ ವಿಳಾಸ, ಬ್ಯಾಂಕ್ ವಿವರ ಬೇಡವೇ ಬೇಡ. ಫೋನ್ ನಂಬರ್ ಕಂಡರೆ 'ನಿಮಗೆ ಪ್ರಶಸ್ತಿ ಬಂದಿದೆ, ನೋಂದಣಿ ಶುಲ್ಕ ಕಟ್ಟಿ' ಅನ್ನೋರ ಕಾಟ ಬೇರೆ.

ಸ್ವಂತ ಹೆಸರಿನ ಡೊಮೇನ್ ತಗೊಂಡರೆ ಅವಧಿ ಮುಗಿಯುವ ಮೊದಲು ದುಡ್ಡು ಕಟ್ಟಬೇಕು. ಕಟ್ಟದಿದ್ದರೆ ಆ ವಿಳಾಸ ಕೈತಪ್ಪುತ್ತೆ, ಬೇರೆಯವರು ಕೊಂಡರೂ ಕೇಳೋ ಹಾಗಿಲ್ಲ. ಬರೆಯೋರಲ್ಲಿ ವಯಸ್ಸಾದವರೇ ಜಾಸ್ತಿ, ಪಾಸ್‌ವರ್ಡ್ ಮಾತ್ರ ಸೈಟ್ ಮಾಡಿಕೊಟ್ಟ ಹುಡುಗನ ಮೊಬೈಲ್‌ನಲ್ಲಿರುತ್ತೆ. ಅವನು ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಮೊದಲು ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಸಿಕೊಂಡು, ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟಿಡಿ.